ಎಮರ್ಜೆನ್ಸಿಗೆ ಬಂದವರ ಜೊತೆ ಊಟ, ನಡಿಗೆ, ಹೊಟ್ಟೆ ಸುತ್ತಳತೆಯ ಮಾತು: ಯಾವಾಗ, ಹೇಗೆ, ಎಷ್ಟು

ಎದೆ ಉರಿ ಅಂತ ರಾತ್ರಿ ಬಂದವರಿಗೆ ಇಸಿಜಿ ಆಗುತ್ತದೆ, ರಕ್ತ ಪರೀಕ್ಷೆ ಆಗುತ್ತದೆ. ಹಾರ್ಟ್‌ಗೆ ಏನೂ ಆಗಿಲ್ಲ ಅಂತ ಬೆಳಿಗ್ಗೆ ಹೊತ್ತಿಗೆ ಗೊತ್ತಾಗುತ್ತದೆ. ಮನೆಗೆ ಕಳಿಸುವಾಗ ಚೀಟಿಯ ಕೊನೆಯಲ್ಲಿ ‘ಡಯಟ್ ಕಂಟ್ರೋಲ್, ವಾಕಿಂಗ್’ ಅಂತ ಬರೆದು ಕೊಡುತ್ತೇವೆ. ಬಿಪಿ 150/96 ಇತ್ತು, ಶುಗರ್ 186 ಇತ್ತು, ಹೊಟ್ಟೆ ಬೆಲ್ಟಿನ ಮೇಲೆ ಇಳಿದಿತ್ತು. ಅದರ ಬಗ್ಗೆ ಯಾರೂ ಮಾತಾಡಲಿಲ್ಲ. ಕೆಲವು ತಿಂಗಳ ನಂತರ ಅದೇ ವ್ಯಕ್ತಿ ಮತ್ತೆ ಬರುತ್ತಾರೆ, ಅಂಕಿಗಳು ಇನ್ನೂ ಮೇಲೆ ಹೋಗಿರುತ್ತವೆ. ‘ಎಷ್ಟು ಹೇಳಿದ್ರೂ ಇವ್ರು ಕೇಳಲ್ಲ’ ಅಂತ ನಾವು ಬೇಸರ ಮಾಡಿಕೊಳ್ಳುತ್ತೇವೆ.

ಈ ಬರಹ ಕ್ಯಾಶುಯಲ್ಟಿಯಲ್ಲಿ ಕೆಲಸ ಮಾಡುವ ನರ್ಸ್, ಡ್ಯೂಟಿ ಡಾಕ್ಟರ್, ಹೌಸ್ ಸರ್ಜನ್‌ಗಳಿಗೆ. ಹೆಚ್ಚಿನ ಸಲ ಕೆಡುವುದು ರೋಗಿಯ ಮನಸ್ಸಿನಿಂದಲ್ಲ, ನಮ್ಮ ಕ್ರಮದಿಂದ. ನೋವಿನಲ್ಲಿ ಇರುವಾಗ ಹೇಳುತ್ತೇವೆ, ಒಂದೇ ಉಸಿರಿಗೆ ಹತ್ತು ವಿಷಯ ಹೇಳುತ್ತೇವೆ, ಮುಂದೆ ಎಲ್ಲಿಗೆ ಹೋಗಬೇಕು ಅಂತ ಮಾತ್ರ ಹೇಳುವುದಿಲ್ಲ. ಕ್ರಮ ಸರಿ ಇದ್ದರೆ ಹತ್ತು ನಿಮಿಷ ಸಾಕು.

‘ಯಾರು ಬದಲಾಗ್ತಾರೆ ಬಿಡಿ’ ಅನ್ನುವವರಿಗೆ ಒಂದು ಮಾತು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. ತೂಕ ಇಳಿಸಿ ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟುಕೊಂಡ ಗುಂಪಿನಲ್ಲಿ ಕಾಯಿಲೆ ಶೇ. 58ರಷ್ಟು ಕಡಿಮೆ ಆಯಿತು. ಚೆನ್ನೈನ ಅಧ್ಯಯನದಲ್ಲಿ, 2006ರಲ್ಲಿ, ನಮ್ಮಂಥದೇ ಊಟ ಮಾಡುವ ಜನರಲ್ಲಿ ಇದು ಶೇ. 28ರಷ್ಟು ಕಡಿಮೆ ಆಯಿತು. ಅಲ್ಲಿ ಜನರ ಬೆನ್ನ ಹಿಂದೆ ನಿಂತು ವರ್ಷಗಟ್ಟಲೆ ವಿಚಾರಿಸಿದರು. ನಾವು ಎಮರ್ಜೆನ್ಸಿಯಲ್ಲಿ ಮಾಡಬಹುದಾದದ್ದು ಮೊದಲ ಹೆಜ್ಜೆ ಇಡಿಸುವುದು, ಹಾಗೆ ವಿಚಾರಿಸುವವರ ಕೈಗೆ ಒಪ್ಪಿಸುವುದು.

## ಮೊದಲು ಕೈಯಲ್ಲಿ ಇರಬೇಕಾದ್ದು

ಅಳತೆ ಟೇಪು, ಸಣ್ಣ ಮತ್ತು ದೊಡ್ಡ ಎರಡೂ ಅಳತೆಯ ಬಿಪಿ ಪಟ್ಟಿ, ಗ್ಲುಕೋಮೀಟರ್, ತೂಕದ ಯಂತ್ರ. ಒಂದು ಚಿಕ್ಕ ಕಾರ್ಡು ಅಥವಾ ಖಾಲಿ ಚೀಟಿ, ದಪ್ಪ ಅಕ್ಷರದಲ್ಲಿ ಬರೆಯಲು ಪೆನ್ನು. ಸುತ್ತಮುತ್ತಲಿನ ಸರ್ಕಾರಿ ಕ್ಲಿನಿಕ್‌ಗಳ ಪಟ್ಟಿ: ವಿಳಾಸ, ಫೋನ್ ನಂಬರ್, ತೆರೆದಿರುವ ದಿನ, ಹೊತ್ತು. ಈ ಪಟ್ಟಿ ಗೋಡೆಯ ಮೇಲೆ ಇಲ್ಲದಿದ್ದರೆ ಮುಂದಿನ ಎಲ್ಲ ಶ್ರಮ ಕೊನೆಯ ಹಂತದಲ್ಲಿ ವ್ಯರ್ಥ ಆಗುತ್ತದೆ. ಮೊದಲು ಅದನ್ನೇ ಮಾಡಿ.

ಐದು ಅಂಕಿಗಳನ್ನೂ ಪಕ್ಕದಲ್ಲಿ ಅಂಟಿಸಿ. ಹೊಟ್ಟೆ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಅಥವಾ ಜಾಸ್ತಿ. ಬಿಪಿ ಮೇಲಿನದು 130 ಅಥವಾ ಕೆಳಗಿನದು 85, ಇಲ್ಲವೇ ಅದಕ್ಕಿಂತ ಜಾಸ್ತಿ. ಖಾಲಿ ಹೊಟ್ಟೆಯ ಶುಗರ್ 100 ಅಥವಾ ಜಾಸ್ತಿ. ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) 150 ಅಥವಾ ಜಾಸ್ತಿ. ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ. ಐದರಲ್ಲಿ ಮೂರು ಇದ್ದರೆ ಮೆಟಬಾಲಿಕ್ ಸಿಂಡ್ರೋಮ್, ಅಂದರೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಯ ಕಡೆಗೆ ಒಯ್ಯುವ ಲಕ್ಷಣಗಳ ಗುಂಪು. ಬಿಪಿಗೋ ಶುಗರಿಗೋ ಈಗಾಗಲೇ ಮಾತ್ರೆ ನಡೆಯುತ್ತಿದ್ದರೆ ಅದೂ ಒಂದು ಅಂತ ಲೆಕ್ಕ, ಇವತ್ತಿನ ಅಂಕಿ ಚೆನ್ನಾಗಿದ್ದರೂ ಸಹ.

## ಹಂತ 1: ಯಾರ ಜೊತೆ ಈಗ, ಯಾರ ಜೊತೆ ಈಗ ಬೇಡ

ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು, ತೀವ್ರ ಉಸಿರಾಟದ ತೊಂದರೆ, ವಾಂತಿಯ ಜೊತೆ ಶುಗರ್ ವಿಪರೀತ ಏರಿರುವವರು, ಕುಡಿದು ಎಚ್ಚರ ಸರಿಯಿಲ್ಲದವರು — ಇವರ ಜೊತೆ ಈ ಮಾತು ಈಗ ಬೇಡ. ವಾರ್ಡಿಗೆ ಕಳಿಸುವ ಪತ್ರದಲ್ಲಿ ಅಂಕಿಗಳನ್ನು ಬರೆದರೆ ಸಾಕು.

ಸರಿಯಾದವರು ಯಾರು? ಎದೆನೋವು ಅಂತ ಬಂದು ಇಸಿಜಿ, ಟ್ರೊಪೊನಿನ್ (ಹೃದಯಕ್ಕೆ ಪೆಟ್ಟಾಗಿದೆಯಾ ಅಂತ ತಿಳಿಸುವ ರಕ್ತ ಪರೀಕ್ಷೆ) ಎರಡೂ ಸರಿ ಬಂದು ಅಬ್ಸರ್ವೇಶನ್‌ನಲ್ಲಿ ಮಲಗಿರುವವರು. ತಲೆಸುತ್ತು, ಗ್ಯಾಸ್ಟ್ರಿಕ್, ಕಿಡ್ನಿ ಕಲ್ಲಿನ ನೋವು ಇಳಿದವರು. ಸಣ್ಣ ಗಾಯಕ್ಕೆ ಹೊಲಿಗೆ ಹಾಕಿಸಿಕೊಂಡವರು. ಇವರೆಲ್ಲ ವರದಿಗಾಗಿ ಗಂಟೆಗಟ್ಟಲೆ ಕಾಯುತ್ತಾರೆ. ಆ ಹೊತ್ತು ನಮ್ಮದು.

ಈ ತೊಂದರೆಯ ಎರಡು ಗುರುತುಗಳನ್ನು ನಾವು ಸುಮ್ನೆ ದಾಟಿ ಹೋಗುತ್ತೇವೆ. ಒಂದು, ಹೊಟ್ಟೆನೋವಿಗೆ ಮಾಡಿಸಿದ ಸ್ಕ್ಯಾನಿಂಗ್ ವರದಿಯಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’, ಅಂದರೆ ಲಿವರಿನಲ್ಲಿ ಕೊಬ್ಬು ಸೇರಿದೆ ಅನ್ನುವ ಸಾಲು. ಇನ್ನೊಂದು, ಕತ್ತಿನ ಹಿಂದೆ ಕಪ್ಪಗೆ, ದಪ್ಪಗೆ, ಮಖಮಲ್ಲಿನ ಹಾಗೆ ಆಗಿರುವ ಚರ್ಮ. ಮನೆಯವರು ಅದನ್ನು ಕೊಳೆ ಅಂದುಕೊಂಡು ಉಜ್ಜುತ್ತಿರುತ್ತಾರೆ. ಹದಿಹರೆಯದವರಲ್ಲಿ ಇದು ಕಂಡರೆ ಖಂಡಿತ ಬಿಡಬೇಡಿ.

## ಹಂತ 2: ನಂಬಬಹುದಾದ ಅಳತೆ

ಇಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪು. ಎಮರ್ಜೆನ್ಸಿಯ ಅಂಕಿಗಳು ನೋವು, ಭಯ, ಔಷಧಿಗಳಿಂದ ಏರುಪೇರಾಗಿರುತ್ತವೆ.

ಬಿಪಿ. ಟ್ರಯಾಜ್‌ನಲ್ಲಿ, ಅಂದರೆ ಬಂದ ಕೂಡಲೇ ಯಾರಿಗೆ ಮೊದಲು ಚಿಕಿತ್ಸೆ ಅಂತ ವಿಂಗಡಿಸುವಲ್ಲಿ, ನೋಡಿದ ಮೊದಲ ಬಿಪಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ನೋವು ಇಳಿದ ಮೇಲೆ, ಮೂತ್ರಕ್ಕೆ ಹೋಗಿ ಬಂದ ಮೇಲೆ, ಐದು ನಿಮಿಷ ಸುಮ್ಮನೆ ಕೂರಿಸಿ ನೋಡಿ. ಎರಡು ಸಲ ನೋಡಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಬಿಪಿ ಇಲ್ಲದವರಿಗೂ ಬಿಪಿ ಬರುತ್ತದೆ. ನೋಡುವಾಗ ಅವರೂ ಮಾತಾಡಬಾರದು, ನಾವೂ ಮಾತಾಡಿಸಬಾರದು. ಯಾವ ತೊಂದರೆಯೂ ಇಲ್ಲದೆ ಬಿಪಿ ಮಾತ್ರ ಜಾಸ್ತಿ ಇದ್ದರೆ ನಾಲಿಗೆ ಕೆಳಗೆ ಬಿಪಿ ಇಳಿಸುವ ನಿಫೆಡಿಪಿನ್ ಇಟ್ಟು ಗಡಿಬಿಡಿಯಲ್ಲಿ ಇಳಿಸಲು ಹೋಗಬೇಡಿ. ಹಠಾತ್ತಾಗಿ ಇಳಿದರೆ ಮಿದುಳಿಗೆ, ಹೃದಯಕ್ಕೆ ರಕ್ತ ಕಡಿಮೆ ಆಗಿ ಅಪಾಯ.

ಶುಗರ್. ಬೆರಳು ಚುಚ್ಚುವ ಮುಂಚೆ ಕೈ ತೊಳೆಸಿ. ಹಣ್ಣು ಹಿಡಿದ ಕೈಯಲ್ಲಿ ಅಂಕಿ ಸುಳ್ಳಾಗುತ್ತದೆ. ಸ್ಪಿರಿಟ್ ಪೂರ್ತಿ ಆರಬೇಕು. ಡಿಎನ್‌ಎಸ್ ಅಥವಾ ಡೆಕ್ಸ್‌ಟ್ರೋಸ್ (ಗ್ಲೂಕೋಸ್ ಇರುವ ಡ್ರಿಪ್) ಬಾಟಲಿ ಹೋಗುತ್ತಿರುವ ಕೈಯಿಂದ ರಕ್ತ ತೆಗೆಯಬೇಡಿ. ಉಬ್ಬಸಕ್ಕೆ ಹೈಡ್ರೊಕಾರ್ಟಿಸೋನ್ ಅಥವಾ ಡೆಕ್ಸಾದಂಥ ಸ್ಟೀರಾಯ್ಡ್ ಕೊಟ್ಟಿದ್ದರೆ ಶುಗರ್ ಏರುವುದು ಸಹಜ. ಇಂಥ ಕಡೆ ಎಚ್‌ಬಿಎ1ಸಿ ಅನ್ನುವ ರಕ್ತ ಪರೀಕ್ಷೆ ನೆರವಿಗೆ ಬರುತ್ತದೆ. ಅದು ಹಿಂದಿನ ಎರಡು ಮೂರು ತಿಂಗಳ ಲೆಕ್ಕ ಹೇಳುತ್ತದೆ, ಇವತ್ತಿನ ನೋವಿಗೆ ಏರುವುದಿಲ್ಲ. 5.7ರಿಂದ 6.4 ಇದ್ದರೆ ಅಂಚಿನಲ್ಲಿದ್ದಾರೆ, 6.5 ಅಥವಾ ಜಾಸ್ತಿ ಇದ್ದರೆ ಸಕ್ಕರೆ ಕಾಯಿಲೆಯ ಮಟ್ಟ. ಆದರೆ ರಕ್ತಹೀನತೆ ಇರುವವರಲ್ಲಿ, ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಲ್ಲಿ ಇದನ್ನು ಪೂರ್ತಿ ನಂಬುವ ಹಾಗಿಲ್ಲ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಜಾಸ್ತಿ, ಆದ್ದರಿಂದ ಹಿಮೋಗ್ಲೋಬಿನ್ ಜೊತೆ ಇಟ್ಟು ಓದಿ.

ಹೊಟ್ಟೆ ಸುತ್ತಳತೆ. ಮಲಗಿಸಿ ಅಳೆಯಬಾರದು. ಎದ್ದು ನಿಲ್ಲಬಲ್ಲವರಾದ ಮೇಲೆ ಅಳೆಯಿರಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲ್ತುದಿ, ಇವೆರಡರ ನಡುಮಧ್ಯೆ ಟೇಪು ಬರಬೇಕು. ಉಸಿರು ಸಹಜವಾಗಿ ಬಿಟ್ಟ ಮೇಲೆ ಓದಿ. ‘ನನ್ನ ಪ್ಯಾಂಟ್ ಸೈಜ್ 34’ ಅನ್ನುವ ಉತ್ತರ ಉಪಯೋಗವಿಲ್ಲ. ಪ್ಯಾಂಟು ಹೊಟ್ಟೆಯ ಕೆಳಗೆ ನಿಂತಿರುತ್ತದೆ, ಅಲ್ವಾ? ಸೀರೆ ನೆರಿಗೆಯ ಮೇಲೆ ಟೇಪು ಹಾಕಿದರೂ ಅಳತೆ ಕೆಡುತ್ತದೆ. ಹೆಂಗಸರಿಗೆ ಮಹಿಳಾ ಸಿಬ್ಬಂದಿಯೇ, ಪರದೆ ಎಳೆದು ಅಳೆಯಲಿ. ಗರ್ಭಿಣಿಯರಿಗೆ, ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಈ ಅಳತೆ ಅನ್ವಯಿಸುವುದಿಲ್ಲ.

ಟ್ರೈಗ್ಲಿಸರೈಡ್, ಎಚ್‌ಡಿಎಲ್ ವರದಿಗೆ ಕಾಯಬೇಕಿಲ್ಲ. ಸುತ್ತಳತೆಯ ಜೊತೆ ಬಿಪಿ ಅಥವಾ ಶುಗರ್ ಒಂದು ಏರಿದ್ದರೂ ಮಾತು ಶುರು ಮಾಡಬಹುದು. ಚೀಟಿಯಲ್ಲಿ ‘ಅನುಮಾನ ಇದೆ, ಪರೀಕ್ಷೆ ಆಗಬೇಕು’ ಅಂತ ಬರೆಯಿರಿ. ಒಂದು ರಾತ್ರಿಯ ಅಂಕಿ ನೋಡಿ ‘ನಿಮಗೆ ಬಿಪಿ, ಶುಗರ್ ಎರಡೂ ಇದೆ’ ಅಂತ ತೀರ್ಪು ಕೊಡಬೇಡಿ.

## ಹಂತ 3: ಕೇಳಿ ಶುರು ಮಾಡಿ

ನೋವು ಇಳಿದಿರಬೇಕು, ಮುಖ್ಯ ವರದಿ ಬಂದಿರಬೇಕು. ‘ನನಗೆ ಹಾರ್ಟ್ ಅಟ್ಯಾಕಾ?’ ಅನ್ನುವ ಪ್ರಶ್ನೆ ತಲೆಯಲ್ಲಿ ಇರುವವರಿಗೆ ಬೇರೆ ಏನು ಹೇಳಿದರೂ ಕಿವಿಗೆ ಹೋಗುವುದಿಲ್ಲ. ಅದಕ್ಕೆ ಮೊದಲು ಉತ್ತರ ಕೊಡಿ. ಆಮೇಲೆ ಪಕ್ಕದಲ್ಲಿ ಸ್ಟೂಲ್ ಎಳೆದು ಕೂತುಕೊಳ್ಳಿ. ತೂಕದ ವಿಷಯ ಪಕ್ಕದ ಬೆಡ್ಡಿಗೆ ಕೇಳಿಸಬಾರದು.

“ಅಣ್ಣಾ, ಇಸಿಜಿ ಚೆನ್ನಾಗಿದೆ, ಹಾರ್ಟ್‌ಗೆ ಏನೂ ಆಗಿಲ್ಲ. ಆದ್ರೆ ಇನ್ನೆರಡು ಅಂಕಿ ನೋಡ್ದೆ. ಅದ್ರ ಬಗ್ಗೆ ಐದು ನಿಮಿಷ ಮಾತಾಡ್ಬೋದಾ?”

“ಹೇಳಿ ಸಿಸ್ಟರ್, ಏನಾಯ್ತು?”

“ನೋವು ಕಡಿಮೆ ಆದ್ಮೇಲೂ ಬಿಪಿ 146/92 ಇದೆ. ಹೊಟ್ಟೆ ಸುತ್ತಳತೆ 102 ಇದೆ, 90ರ ಒಳಗೆ ಇರ್ಬೇಕಿತ್ತು. ಇದನ್ನ ನೀವು ಹೇಗೆ ನೋಡ್ತೀರಾ?”

“ನಮ್ಮಪ್ಪಂಗೂ ಹಿಂಗೇ ಶುರುವಾಗಿದ್ದು ಸಿಸ್ಟರ್. ಆಮೇಲೆ ಸ್ಟ್ರೋಕ್ ಆಯ್ತು.”

ಆ ಕೊನೆಯ ಮಾತನ್ನು ನಾವು ಹೇಳಿದ್ದರೆ ಅದು ಹೆದರಿಕೆ ಆಗುತ್ತಿತ್ತು. ಅವರೇ ಹೇಳಿದಾಗ ಅದು ಅವರ ಕಾರಣ ಆಗುತ್ತದೆ. ಪ್ರಶ್ನೆ ಕೇಳಿ ಬಾಯಿ ಮುಚ್ಚಿಕೊಂಡು ಕಾಯಬೇಕು. ಈ ಹಂತದಲ್ಲಿ ಅತಿ ಕಷ್ಟದ ಕೆಲಸ ಅದೇ.

‘ಬೇಡ, ಈಗ ಆಗಲ್ಲ’ ಅಂದರೆ ಒತ್ತಾಯ ಬೇಡ. ಅಂಕಿಗಳನ್ನು ಬರೆದು ಕೊಟ್ಟು, ಕ್ಲಿನಿಕ್ಕಿನ ವಿಳಾಸ ಕೊಟ್ಟು ಬಿಡಿ. ‘ಹೀಗೇ ತಿಂತಾ ಇದ್ರೆ ಸತ್ತೋಗ್ತೀರಾ’ ಅನ್ನುವ ಮಾತು ಯಾರ ಬಾಯಿಂದಲೂ ಬರಬಾರದು. ಹೆದರಿದವರು ಆಸ್ಪತ್ರೆಗೆ ಬರುವುದನ್ನೇ ಬಿಡುತ್ತಾರೆ.

## ಹಂತ 4: ಅವರ ದಿನ ಹೇಗಿದೆ ಅಂತ ಕೇಳಿ

ಸಲಹೆ ಕೊಡುವ ಮುಂಚೆ ನಿನ್ನೆಯ ಒಂದು ದಿನದ ಲೆಕ್ಕ ಕೇಳಿ. ಎದ್ದದ್ದು ಎಷ್ಟಕ್ಕೆ, ಕಾಫಿ ಟೀ ಎಷ್ಟು ಸಲ, ತಿಂಡಿ ಎಲ್ಲಿ, ರಾತ್ರಿ ಊಟ ಎಷ್ಟಕ್ಕೆ, ಮಲಗಿದ್ದು ಎಷ್ಟಕ್ಕೆ. ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ, ಎಣ್ಣೆ ಪ್ಯಾಕೆಟ್ ತಿಂಗಳಿಗೆ ಎಷ್ಟು ತರುತ್ತಾರೆ. ಬೀಡಿ, ಸಿಗರೇಟು, ಗುಟ್ಕಾ, ಕುಡಿತದ ಪ್ರಶ್ನೆಯನ್ನು ಮನೆಯವರನ್ನು ಸ್ವಲ್ಪ ಹೊರಗೆ ಕಳಿಸಿ ಕೇಳಿ.

ಇದನ್ನು ಕೇಳದೆ ಸಲಹೆ ಕೊಟ್ಟರೆ ಏನಾಗುತ್ತದೆ ನೋಡಿ. ದಿನವಿಡೀ ಹೊಲದಲ್ಲಿ ದುಡಿಯುವವರಿಗೆ ‘ವಾಕಿಂಗ್ ಮಾಡಿ’ ಅನ್ನುತ್ತೇವೆ. ಮುದ್ದೆ ಉಣ್ಣುವವರಿಗೆ ‘ಚಪಾತಿ ತಿನ್ನಿ’ ಅನ್ನುತ್ತೇವೆ. ಅತ್ತೆ ಬಡಿಸಿದ್ದನ್ನು ಉಣ್ಣುವ ಸೊಸೆಗೆ ‘ಎಣ್ಣೆ ಕಡಿಮೆ ಹಾಕಿ’ ಅನ್ನುತ್ತೇವೆ. ಇವರ್ಯಾರೂ ನಮ್ಮ ಮಾತು ಪಾಲಿಸಲು ಸಾಧ್ಯವೇ ಇಲ್ಲ.

ಕೆಲವು ನಂಬಿಕೆಗಳು ಇದೇ ಹೊತ್ತಲ್ಲಿ ಹೊರಗೆ ಬರುತ್ತವೆ. ಬೆಲ್ಲ ಹಾಕಿದರೆ ಶುಗರ್ ಏರುವುದಿಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಏರುತ್ತದೆ. ರಾಗಿ ಒಳ್ಳೆಯದು ನಿಜ, ಆದರೆ ನುಣ್ಣನೆಯ ಹಿಟ್ಟಿನ ಗಂಜಿ ಬೇಗ ಜೀರ್ಣವಾಗಿ ಶುಗರ್ ಏರಿಸುತ್ತದೆ. ದೊಡ್ಡ ಮುದ್ದೆ ಎರಡು ಉಂಡರೂ ಅಷ್ಟೇ. ಮುದ್ದೆ ಬಿಡಬೇಕಿಲ್ಲ. ಒಂದು ಮುದ್ದೆ, ಜೊತೆಗೆ ಸೊಪ್ಪು, ಕಾಳು ಜಾಸ್ತಿ ಇರುವ ಬಸ್ಸಾರು ಒಳ್ಳೆಯ ಊಟವೇ. ಇಂದುಪ್ಪು ಕೂಡ ಉಪ್ಪೇ. ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ ಉಪ್ಪು ಇರಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿಯ ಖಾರ ಎಲ್ಲ ಆ ಲೆಕ್ಕದಲ್ಲೇ ಬರುತ್ತವೆ.

## ಹಂತ 5: ಒಂದೇ ಒಂದು ಬದಲಾವಣೆ, ಅವರೇ ಆರಿಸಿದ್ದು

ಎಲ್ಲರೂ ಎಡವುವುದು ಇಲ್ಲೇ. ಉಪ್ಪು, ಎಣ್ಣೆ, ಅನ್ನ, ಸಕ್ಕರೆ, ಸಿಗರೇಟು, ನಡಿಗೆ, ನಿದ್ದೆ — ಎಲ್ಲವನ್ನೂ ಒಂದೇ ಸಲ ಹೇಳುವ ಆಸೆ ತಡೆದುಕೊಳ್ಳಿ. ಅವರು ಹೇಳಿದ ದಿನಚರಿಯಿಂದಲೇ ಎರಡು ಮೂರು ವಿಷಯ ಮುಂದಿಟ್ಟು, ‘ಇದರಲ್ಲಿ ಯಾವುದು ನಿಮ್ಮಿಂದ ಆಗುತ್ತೆ?’ ಅಂತ ಕೇಳಿ.

ದಿನಕ್ಕೆ ಐದು ಟೀ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಅಂದರೆ ಸುಮಾರು 50 ಗ್ರಾಂ ಸಕ್ಕರೆ, 200 ಕ್ಯಾಲೊರಿ. ಟೀ ಬಿಡಿಸಬೇಡಿ. ಎರಡು ಚಮಚ ಒಂದಾಗಲಿ, ಜೊತೆಯ ಬಿಸ್ಕತ್ತು ಹೋಗಲಿ. ಅನ್ನ ಜಾಸ್ತಿ ಉಣ್ಣುವವರು ಮೊದಲು ಪಲ್ಯ, ಕೋಸಂಬರಿ ತಿಂದು ಆಮೇಲೆ ಅನ್ನಕ್ಕೆ ಕೈ ಹಾಕಲಿ, ಎರಡನೇ ಸಲ ಅನ್ನ ಹಾಕಿಸಿಕೊಳ್ಳುವುದು ಬೇಡ. ಉತ್ತರ ಕರ್ನಾಟಕದವರಿಗೆ ಜೋಳದ ರೊಟ್ಟಿ ಹಾಗೇ ಇರಲಿ, ಜೊತೆಗಿನ ಅನ್ನ ಕಡಿಮೆ ಆಗಲಿ. ನಡೆಯಲು ಹೊತ್ತಿಲ್ಲ ಅನ್ನುವವರು ಊಟವಾದ ಮೇಲೆ ಹತ್ತು ನಿಮಿಷ ನಡೆಯಲಿ, ತಾರಸಿಯ ಮೇಲಾದರೂ ಸರಿ. ವಾರಕ್ಕೆ 150 ನಿಮಿಷ ಅನ್ನುವುದು ದೂರದ ಗುರಿ. ಮೊದಲ ದಿನ ಅದನ್ನು ಹೇಳಿ ಹೆದರಿಸಬೇಡಿ.

ಆರಿಸಿದ ಮೇಲೆ ಕೇಳಿ: “ಇದನ್ನ ಮಾಡ್ತೀನಿ ಅನ್ನೋ ಧೈರ್ಯ ಹತ್ತಕ್ಕೆ ಎಷ್ಟಿದೆ?” ಐದು ಅಂದರೆ, ‘ಯಾಕೆ ಬರೀ ಐದು?’ ಅಂತ ಕೇಳಬಾರದು. ‘ಎರಡು ಅನ್ನದೆ ಐದು ಅಂದ್ರಲ್ಲ, ಯಾಕೆ?’ ಅಂತ ಕೇಳಿ. ಆಗ ಅವರು ತಮ್ಮ ಬಲ ಹೇಳುತ್ತಾರೆ. ಏಳಕ್ಕಿಂತ ಕಡಿಮೆ ಇದ್ದರೆ ಬದಲಾವಣೆಯನ್ನು ಇನ್ನೂ ಚಿಕ್ಕದು ಮಾಡಿ.

ತೂಕದ ಗುರಿ ಕೇಳಿದರೆ ಶೇ. 5 ಸಾಕು. 80 ಕೆ.ಜಿ. ಇರುವವರಿಗೆ ಅದು 4 ಕೆ.ಜಿ. ಅಷ್ಟು ಇಳಿದರೂ ಬಿಪಿ, ಶುಗರ್, ಟ್ರೈಗ್ಲಿಸರೈಡ್ ಮೂರಕ್ಕೂ ಗುಣ ಕಾಣುತ್ತದೆ.

ತಂಬಾಕು ಬಿಡುವ ಮನಸ್ಸಿದ್ದರೆ ಅದಕ್ಕೇ ಮೊದಲ ಸ್ಥಾನ. ರಾಷ್ಟ್ರೀಯ ಸಹಾಯವಾಣಿ 1800-11-2356, ಕರೆ ಉಚಿತ. ಅಲ್ಲೇ ಅವರ ಫೋನಿನಲ್ಲಿ ಸೇವ್ ಮಾಡಿಸಿ.

## ಹಂತ 6: ಮಾತ್ರೆ ಜೊತೆ ತಾಳೆ ನೋಡಿ

ಆರಿಸಿದ ಬದಲಾವಣೆ ಅವರಿಗೆ ಅಪಾಯ ತರುವುದಿಲ್ಲ ಅಂತ ಖಚಿತ ಮಾಡಿಕೊಳ್ಳದೆ ಕಳಿಸಬೇಡಿ. ಮಾತ್ರೆಯ ಪಟ್ಟಿ ಎದುರಿಗೆ ಇಟ್ಟುಕೊಳ್ಳಿ.

ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಒಂದೇ ಸಲ ಊಟ ಕಡಿಮೆ ಮಾಡಿದರೆ, ಏಕಾದಶಿ ಅಥವಾ ರಂಜಾನ್ ಉಪವಾಸ ಇದ್ದರೆ ಶುಗರ್ ಇಳಿದು ಬೀಳಬಹುದು. ನಡುಕ, ಬೆವರು, ವಿಪರೀತ ಹಸಿವು, ಮಾತು ತಡವರಿಸುವುದು ಅದರ ಲಕ್ಷಣ. 70ಕ್ಕಿಂತ ಕಡಿಮೆ ಇದ್ದು ಎಚ್ಚರ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ಇಲ್ಲದವರ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಬೇಕು. ಇದನ್ನು ಮನೆಯವರಿಗೂ ಹೇಳಿ.

ಡಾಪಾಗ್ಲಿಫ್ಲೋಜಿನ್ ಗುಂಪಿನ ಶುಗರ್ ಮಾತ್ರೆ ಇರುವವರು ಅನ್ನ, ರೊಟ್ಟಿ, ಮುದ್ದೆ ಎಲ್ಲವನ್ನೂ ಪೂರ್ತಿ ಬಿಡುವ ಪಥ್ಯಕ್ಕೆ ಹೋಗಬಾರದು. ಶುಗರ್ ಅಷ್ಟೇನೂ ಏರದೆಯೇ ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗಿದಾಗ ಬರುವ ಆಮ್ಲ) ಏರಿ ವಾಂತಿ, ಏದುಸಿರು ಶುರುವಾಗಬಹುದು. ಯೂಟ್ಯೂಬ್ ನೋಡಿ ಇಂಥ ಪಥ್ಯ ಹಿಡಿಯುವವರು ಈಗ ಜಾಸ್ತಿ, ಆದ್ದರಿಂದ ಕೇಳಲೇಬೇಕು.

ಎದೆನೋವಿಗೆ ಬಂದವರಿಗೆ ಫಿಜಿಷಿಯನ್ ನೋಡಿ ಸರಿ ಅನ್ನುವವರೆಗೆ ಬಿರುಸಿನ ನಡಿಗೆ ಬೇಡ. ಪಾದ ಜೋಮು ಹಿಡಿದಿರುವವರು, ಗಾಯ ಇರುವವರು ಬರಿಗಾಲಲ್ಲಿ ನಡೆಯಬಾರದು, ಹರಕೆಯ ಪಾದಯಾತ್ರೆಯೂ ಸೇರಿ. ಕಿಡ್ನಿ ತೊಂದರೆ ಇರುವವರು, ಟೆಲ್ಮಿಸಾರ್ಟಾನ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆ ನುಂಗುವವರು ಕಡಿಮೆ ಸೋಡಿಯಂ ಉಪ್ಪನ್ನು ತಾವಾಗಿ ಕೊಳ್ಳಬಾರದು. ಅದರಲ್ಲಿ ಪೊಟ್ಯಾಶಿಯಂ ಇರುತ್ತದೆ, ಇವರ ರಕ್ತದಲ್ಲಿ ಅದು ಅಪಾಯದ ಮಟ್ಟಕ್ಕೆ ಏರಬಹುದು.

ದಿನಾ ಜಾಸ್ತಿ ಕುಡಿಯುವವರಿಗೆ ‘ಇವತ್ತಿಂದಲೇ ನಿಲ್ಲಿಸಿ’ ಅಂತ ಹೇಳಿ ಮನೆಗೆ ಕಳಿಸುವುದು ದೊಡ್ಡ ತಪ್ಪು. ಹಠಾತ್ತಾಗಿ ಬಿಟ್ಟರೆ ನಡುಕ, ಭ್ರಮೆ, ಫಿಟ್ಸ್ ಬರಬಹುದು. ಅವರನ್ನು ಮನೋವೈದ್ಯರ ಹತ್ತಿರ ಕಳಿಸಿ, ಔಷಧಿಯ ಆಸರೆಯಲ್ಲಿ ಬಿಡಿಸಬೇಕು.

ಎಲ್ಲರಿಗೂ ಹೇಳಬೇಕಾದ್ದು ಒಂದಿದೆ: ಪಥ್ಯ, ನಡಿಗೆ ಶುರು ಮಾಡಿದ ಮಾತ್ರಕ್ಕೆ ಮಾತ್ರೆ ನಿಲ್ಲಿಸಬಾರದು.

## ಹಂತ 7: ಬರೆದು ಕೊಡಿ, ತಿರುಗಿ ಹೇಳಿಸಿ

ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿ ಇರುತ್ತದೆ, ಅದು ಬೀರು ಸೇರುತ್ತದೆ. ಬೇರೆ ಕಾರ್ಡಿನಲ್ಲಿ ಕನ್ನಡದಲ್ಲಿ ನಾಲ್ಕೇ ಸಾಲು ಬರೆಯಿರಿ. ಇವತ್ತಿನ ಅಂಕಿ. ಅವರು ಆರಿಸಿದ ಬದಲಾವಣೆ. ಮುಂದಿನ ಭೇಟಿಯ ಜಾಗ, ತಾರೀಕು. ಯಾವ ಲಕ್ಷಣ ಬಂದರೆ ತಕ್ಷಣ ವಾಪಸ್ ಬರಬೇಕು: ಎದೆ ಬಿಗಿತ, ಬೆವರು, ಏದುಸಿರು, ಬಾಯಿ ಸೊಟ್ಟ ಆಗುವುದು, ಕೈಕಾಲಿನ ಬಲ ಹೋಗುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು, ನಿಲ್ಲದ ವಾಂತಿ. ಓದಲು ಬಾರದವರಿದ್ದರೆ ಅವರದೇ ಫೋನಿನಲ್ಲಿ ನಿಮ್ಮ ಮಾತು ರೆಕಾರ್ಡ್ ಮಾಡಿ ಕೊಡಿ.

‘ಅರ್ಥ ಆಯ್ತಾ?’ ಅಂತ ಕೇಳಬೇಡಿ. ಎಲ್ಲರೂ ಹೂಂ ಅನ್ನುತ್ತಾರೆ. “ಮನೆಗೆ ಹೋದ್ಮೇಲೆ ಅಕ್ಕಂಗೆ ಏನಂತ ಹೇಳ್ತೀರಾ?” ಅಂತ ಕೇಳಿ. ಅವರ ಬಾಯಲ್ಲಿ ಬಂದದ್ದು ತಪ್ಪಿದ್ದರೆ ನಾವು ಹೇಳಿದ್ದು ತಲುಪಿಲ್ಲ ಅಂತ. ಇನ್ನೊಂದು ಸಲ ಹೇಳಿ. ಅಡುಗೆ ಮಾಡುವವರು ಹೊರಗೆ ಬೆಂಚಿನ ಮೇಲೆ ಕೂತಿದ್ದರೆ, ರೋಗಿ ಒಪ್ಪಿದರೆ, ಒಳಗೆ ಕರೆದು ಈ ಮಾತನ್ನು ಅವರೆದುರೇ ಹೇಳಿಸಿ.

## ಹಂತ 8: ಮುಂದಿನ ಕೈಗೆ ಒಪ್ಪಿಸಿ

‘ಹತ್ತಿರದ ಡಾಕ್ಟರಿಗೆ ತೋರಿಸಿ’ ಅನ್ನುವುದು ಒಪ್ಪಿಸಿದ ಹಾಗಲ್ಲ. ಜಾಗ, ದಿನ, ಹೊತ್ತು, ಏನು ತರಬೇಕು — ನಾಲ್ಕೂ ಹೇಳಬೇಕು. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್ ಇದೆ, ಎನ್‌ಸಿಡಿ ಕ್ಲಿನಿಕ್ ಅಂತ ಕೇಳಿದರೆ ತೋರಿಸುತ್ತಾರೆ. ನಗರಗಳಲ್ಲಿ ‘ನಮ್ಮ ಕ್ಲಿನಿಕ್’ ಹೆಸರಿನ ಸರ್ಕಾರಿ ಕ್ಲಿನಿಕ್, ಹಳ್ಳಿಗಳಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರ ಇವೆ. 30 ವರ್ಷ ದಾಟಿದವರಿಗೆ ಬಿಪಿ, ಶುಗರ್ ತಪಾಸಣೆ ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ. ಆ ಊರಿನ ಆಶಾ ಕಾರ್ಯಕರ್ತೆಯ ನಂಬರ್ ಸಿಕ್ಕರೆ ಇನ್ನೂ ಒಳ್ಳೆಯದು, ರೋಗಿಯನ್ನು ಕೇಳಿ ಅವರಿಗೂ ತಿಳಿಸಿ.

ಭೇಟಿ ಒಂದು ವಾರದೊಳಗೆ ಇರಲಿ. ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿ, ಶುಗರ್ ಮತ್ತು ಕೊಬ್ಬಿನ ಪರೀಕ್ಷೆ ಒಟ್ಟಿಗೆ ಆಗುತ್ತದೆ. ಕೂಲಿ ತಪ್ಪುವ ದಿನ ಕೊಟ್ಟರೆ ಬರುವುದಿಲ್ಲ, ಯಾವ ದಿನ ಬಿಡುವು ಅಂತ ಅವರನ್ನೇ ಕೇಳಿ ಬರೆಯಿರಿ.

ಎರಡು ವಾರ ಬಿಟ್ಟು ಒಂದು ಫೋನ್ ಮಾಡುವ ಏರ್ಪಾಡು ಮಾಡಿಕೊಳ್ಳಿ. ಡ್ಯೂಟಿ ಬದಲಾಗುತ್ತಿರುವುದರಿಂದ ಒಂದು ನೋಟ್‌ಬುಕ್‌ನಲ್ಲಿ ಹೆಸರು, ನಂಬರ್, ಆರಿಸಿದ ಬದಲಾವಣೆ ಬರೆದು, ಬೇರೆಯವರ ಕಣ್ಣಿಗೆ ಬೀಳದ ಹಾಗೆ ಡ್ರಾಯರ್‌ನಲ್ಲಿಡಿ. ಯಾರು ಡ್ಯೂಟಿಯಲ್ಲಿದ್ದರೂ ಕರೆ ಮಾಡಬಹುದು. ಎರಡೇ ಪ್ರಶ್ನೆ: ಕ್ಲಿನಿಕ್ಕಿಗೆ ಹೋಗಿದ್ರಾ, ಹೇಳಿದ್ದು ನಡೀತಾ ಇದೆಯಾ. ‘ನಾಲ್ಕು ದಿನ ಮಾಡ್ದೆ, ಆಮೇಲೆ ಮನೇಲಿ ಮದುವೆ ಬಂತು, ಬಿಟ್ಟೋಯ್ತು’ ಅಂದರೆ ಬೈಯಬೇಡಿ. ಆ ನಾಲ್ಕು ದಿನ ಹೇಗೆ ಮಾಡಿದಿರಿ ಅಂತ ಕೇಳಿ, ನಾಳೆ ಯಾವ ಹೊತ್ತಿಗೆ ಮತ್ತೆ ಶುರು ಮಾಡುತ್ತೀರಿ ಅಂತ ಅವರ ಬಾಯಿಂದಲೇ ಹೇಳಿಸಿ, ಅದನ್ನು ನೋಟ್‌ಬುಕ್‌ನಲ್ಲಿ ಆ ಹೆಸರಿನ ಮುಂದೆ ಬರೆಯಿರಿ.